ಗುರುದತ್ತನ ಫೋನಿನ ಹೆಂಗಸು

ನಮ್ಮೂರು ಕಾಗಾಲದಲ್ಲಿ ಗುರುದತ್ತನಷ್ಟು ಯಂತ್ರಗಳ ಸಹವಾಸ ಮಾಡಿದವರು ಯಾರೂ ಇಲ್ಲ. ಕುಮಟಾ ಪೇಟೆಯಲ್ಲಿ ಮಿಕ್ಸರ್, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ಅಂಗಡಿಯೊಂದರಲ್ಲಿ ಅವನು ಸೇಲ್ಸ್‌ಮನ್. ಬೆಳಗಿನ ಬಸ್ಸಿಗೆ ಹೋದನೆಂದರೆ ಸಂಜೆಯವರೆಗೆ ಯಂತ್ರಗಳ ನಡುವೆಯೇ ನಿಂತಿರುತ್ತಿದ್ದ. ಅವುಗಳ ಒಳಗೆ ಏನಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಗಿರಾಕಿ ಯಾರಾದರೂ "ಇದ್ರ ಒಳಗೆ ಎಂತ ಅದೆ?" ಎಂದು ಕೇಳಿದರೆ "ಗ್ಯಾರಂಟಿ ಅದೆ" ಎನ್ನುತ್ತಿದ್ದ. ಆ ಉತ್ತರಕ್ಕೇ ತೃಪ್ತರಾಗಿ ಎಷ್ಟೋ ಜನ ಮಿಕ್ಸರ್ ಕೊಂಡುಹೋಗಿದ್ದಾರೆ. ನಾನೂ ಅವರಲ್ಲಿ ಒಬ್ಬ.

ಇಂಥ ನಿರಪಾಯಕಾರಿ ಮನುಷ್ಯನಿಗೆ ಸಾಹಿತ್ಯದ ಗಾಳಿ ಬಡಿದದ್ದು ನಮ್ಮೂರಿನ ಪಕ್ಕ ರೈಲು ಓಡಲು ಶುರುವಾಗಿ ಎರಡು ಮೂರು ವರ್ಷ ಕಳೆದ ಮೇಲೆ. ಜಿಲ್ಲೆಯ ವಾರಪತ್ರಿಕೆಯೊಂದು ದೀಪಾವಳಿ ವಿಶೇಷಾಂಕಕ್ಕೆ ವೈಜ್ಞಾನಿಕ ಕಥೆಗಳ ಸ್ಪರ್ಧೆ ಇಟ್ಟಿತ್ತು. ಪ್ರಕಟಣೆಯ ಕೆಳಗೆ ಸಂಪಾದಕರ ಉಪದೇಶವೂ ಇತ್ತು: ಸ್ಫೂರ್ತಿಗಾಗಿ ಆಕಾಶ ನೋಡಬೇಡಿ, ನಿಮ್ಮ ಮನೆಯ ಯಂತ್ರಗಳನ್ನೇ ನೋಡಿ, ಕಥೆ ಅಲ್ಲೇ ಅಡಗಿದೆ. ಗುರುದತ್ತ ಇದನ್ನು ಓದಿ ಎದ್ದವನೇ ನೇರವಾಗಿ ಅಡಿಗೆಮನೆಗೆ ಹೋಗಿ, ಮಿಕ್ಸರಿನ ಎದುರು ಮಣೆ ಹಾಕಿಕೊಂಡು ಕುಳಿತ. ಸಂಪಾದಕರು ನೋಡಿ ಎಂದಿದ್ದರಲ್ಲ, ನೋಡಿದ.

ಹೆಂಡತಿ ಮಹಾಲಕ್ಷ್ಮೀ ಕಾಯಿ ತುರಿದು ಇಟ್ಟುಕೊಂಡು ಕಾದಳು, ಕಾದಳು.

"ಎಂತ ನೋಡ್ತಾ ಇದ್ದೀರಿ? ಹಾಳಾಗದೆಯಾ ಅದು?"

"ಮಾತಾಡ್ಬೇಡ. ಇದು ಮಂಗಳ ಗ್ರಹದಲ್ಲಿ ಅದೆ ಅಂತ ತಿಳ್ಕೊ."

"ಯಾವ ಗ್ರಹದಲ್ಲಾದ್ರೂ ಇರ್ಲಿ, ನಂಗೆ ಮಸಾಲೆ ಅರೀಬೇಕು. ಅಲ್ಲಿ ತೆಂಗಿನಕಾಯಿ ಸಿಕ್ತದೆಯಾ?"

ಗುರುದತ್ತ ಯೋಚಿಸಿದ. ಮಂಗಳ ಗ್ರಹದಲ್ಲಿ ತೆಂಗಿನಕಾಯಿ ಎಲ್ಲಿಂದ ಬರಬೇಕು? ತೆಂಗಿನಕಾಯಿ ಇಲ್ಲದ ಕಡೆ ನಮ್ಮ ಕರಾವಳಿಯವನು ಯಾಕಾದರೂ ಹೋಗಬೇಕು? ಮೊದಲ ಕಥೆ ಅಲ್ಲಿಗೇ ಮುಗಿಯಿತು. ಎರಡನೆಯದಾಗಿ ಇಸ್ತ್ರಿಪೆಟ್ಟಿಗೆಯನ್ನು ನೋಡುತ್ತ ಕುಳಿತು, ಅದರ ಕೆಳಗಿದ್ದ ತನ್ನ ಒಳ್ಳೆಯ ಅಂಗಿಯನ್ನು ಮರೆತ. ಆ ಕಥೆಯ ಗುರುತು ಅಂಗಿಯ ಬೆನ್ನಿನ ಮೇಲೆ ಉಳಿಯಿತು. ಇನ್ನು ಉಳಿದದ್ದು ಫೋನು.

ಆ ಫೋನಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಆಗ ನಮ್ಮ ಕೇರಿಗೆಲ್ಲ ಒಂದೇ ಫೋನು, ಅದು ಗುರುದತ್ತನ ಮನೆಯದು. ಮದುವೆ ಕಾಗದದಲ್ಲೂ ನಾವೆಲ್ಲ ಅದೇ ನಂಬರು ಹಾಕಿಸಿ ಪಕ್ಕದಲ್ಲಿ "ಪಿ.ಪಿ.", ಅಂದರೆ ಪಕ್ಕದ ಮನೆಯ ಫೋನು, ಎಂದು ಅಚ್ಚು ಮಾಡಿಸುತ್ತಿದ್ದೆವು. ಫೋನು ಬಂದಾಗ ಓಡಿಹೋಗಿ ಕರೆಯುವ ಕೆಲಸ ಮಹಾಲಕ್ಷ್ಮಿಯದು. ಕೈಯಲ್ಲಿ ಸೌಟು ಹಿಡಿದುಕೊಂಡೇ ಬೇಲಿಯವರೆಗೆ ಬಂದು "ಚೌಡಮ್ಮೋ, ನಿನ್ನ ತಿಮ್ಮಂದು ಗೋವೆಯಿಂದ ಫೋನ್!" ಎಂದು ಕೂಗುತ್ತಿದ್ದಳು. ಚೌಡಮ್ಮ ಎನ್ನುವ ಮುದುಕಿ ಅಂಗಳ ದಾಟಿ ಬರುವಷ್ಟರಲ್ಲಿ, ಅಲ್ಲಿ ದುಡಿಯುವ ಅವಳ ಮಗ ತಿಮ್ಮ ಅರ್ಧ ಸಂಬಳ ಕಳೆದುಕೊಂಡಿರುತ್ತಿದ್ದ. ಮಹಾಲಕ್ಷ್ಮೀ ಒಮ್ಮೆಯೂ ಬೇಸರಿಸಿದವಳಲ್ಲ. ಬಂದವರಿಗೆ ಕುಡಿಯಲು ನೀರು ಬೆಲ್ಲ ಕೊಟ್ಟೇ ಕಳಿಸುತ್ತಿದ್ದಳು.

ಆದರೆ ಬರುವ ಫೋನಿನ ಮೇಲೆ ಕೇರಿಗೆ ಎಷ್ಟು ಹಕ್ಕಿತ್ತೋ, ಮಾಡುವ ಫೋನಿನ ಮೇಲೆ ಅಷ್ಟೂ ಇರಲಿಲ್ಲ. ಗುಂಡಿಗಳ ಮೇಲೆ ತಗಡಿನ ಮುಚ್ಚಳ, ಅದಕ್ಕೊಂದು ಪುಟ್ಟ ಬೀಗ, ಬೀಗದ ಕೀಲಿ ಗುರುದತ್ತನ ಉಡಿದಾರದಲ್ಲಿ. ಸ್ವಂತ ಹೆಂಡತಿಯೂ ಒಂದು ದಿನ ಗುಂಡಿ ಒತ್ತಿದವಳಲ್ಲ. ಹೀಗಾಗಿ ಆ ವರ್ಷ ಎಕ್ಸ್‌ಚೇಂಜಿಗೆ ಹೊಸ ಯಂತ್ರ ಬಂದದ್ದು, ಆಚೆಯ ಫೋನು ಬಿಡುವಿಲ್ಲದಿದ್ದರೆ ಮೊದಲಿನಂತೆ ಕೊಂಯ್ ಕೊಂಯ್ ಎನ್ನದೆ ಅಚ್ಚುಕಟ್ಟಾದ ಹೆಂಗಸಿನ ದನಿ ಕೇಳುವಂತಾದದ್ದು, ಕೇರಿಯಲ್ಲಿ ಗುರುದತ್ತನ ಹೊರತು ಯಾರಿಗೂ ಗೊತ್ತಿರಲಿಲ್ಲ.

"ನೀವು ಕರೆ ಮಾಡಿದ ಸಂಖ್ಯೆ ಕಾರ್ಯನಿರತವಾಗಿದೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ."

ಗ್ಯಾಸ್ ಏಜೆನ್ಸಿಗೆ ಸಿಲಿಂಡರ್ ಬುಕ್ ಮಾಡಲು ಹೋಗಿ ಗುರುದತ್ತ ಇದನ್ನು ಮೊದಲ ಸಲ ಕೇಳಿದ. ಎರಡನೆಯ ಸಲ ಕೇಳಿದ. ಮೂರನೆಯ ಸಲ ಕೇಳುವಾಗ ಅವನ ಮೈಯಲ್ಲಿ ರೋಮ ನಿಂತವು. ಎಷ್ಟು ಸಲ ಕೇಳಿದರೂ ಒಂದೇ ತಾಳ್ಮೆ, ಒಂದೇ ವಿನಯ. ಸ್ಫೂರ್ತಿ ಎಂಬುದು ಬರುವುದೇ ಹೀಗೆ ಎಂದು ಅವನಿಗೆ ಖಾತ್ರಿಯಾಯಿತು. ಕಥೆ ಕೂಡಲೇ ಕುದುರಿತು: ಸಾವಿರ ವರ್ಷಗಳ ಮುಂದಿನ ಕಾಲ. ಭೂಮಿಯಲ್ಲಿ ಮನುಷ್ಯರು ಯಾರೂ ಉಳಿದಿಲ್ಲ. ಫೋನಿನ ಈ ದನಿ ಮಾತ್ರ ಉಳಿದಿದೆ. ಆಕಾಶನೌಕೆಯಲ್ಲಿ ದಾರಿತಪ್ಪಿದ ಒಬ್ಬ ಕಪ್ತಾನ ಭೂಮಿಗೆ ಫೋನು ಮಾಡುತ್ತಲೇ ಇರುತ್ತಾನೆ. ಈಕೆ ಅದೇ ಮಾತು ಹೇಳುತ್ತಲೇ ಇರುತ್ತಾಳೆ. ಕಪ್ತಾನನಿಗೆ ಅವಳ ಮೇಲೆ ಪ್ರೀತಿ ಹುಟ್ಟುತ್ತದೆ. ಕಥೆ ಚೆನ್ನಾಗಿಯೇ ಇತ್ತು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ತೊಂದರೆ ಒಂದೇ. ಆ ದನಿ ಕಿವಿಯಲ್ಲಿ ಬೀಳದಿದ್ದರೆ ಕಪ್ತಾನನ ಬಾಯಿಗೆ ಮಾತು ಬರುತ್ತಿರಲಿಲ್ಲ. ಅದಕ್ಕೆ ಗುರುದತ್ತ ಸಂಜೆ ಮನೆಗೆ ಬಂದು ಚಾ ಕುಡಿದ ಕೂಡಲೇ ಬೀಗ ತೆಗೆದು ಗ್ಯಾಸ್ ಏಜೆನ್ಸಿಗೆ ಫೋನು ಹಚ್ಚುತ್ತಿದ್ದ. ಗ್ಯಾಸ್ ಏಜೆನ್ಸಿಯ ಫೋನು ಬಿಡುವಿರುವುದಿಲ್ಲ ಎಂಬುದು ಸೂರ್ಯ ಪಶ್ಚಿಮಕ್ಕೆ ಮುಳುಗುತ್ತಾನೆ ಎಂಬಷ್ಟೇ ನಿಶ್ಚಿತವಾದ ಸಂಗತಿ. ಆಕೆ ಬರುತ್ತಿದ್ದಳು. ಇವನು ಕಪ್ತಾನನಾಗುತ್ತಿದ್ದ.

ಒಂದು ಸಂಜೆ ನೆರೆಮನೆಯ ಗಣಪಿ, ಅಘನಾಶಿನಿ ಹೊಳೆಯ ಇಳಿತದಲ್ಲಿ ಬೆಳಚು ಎಂಬ ಚಿಪ್ಪು ಹೆಕ್ಕಿ ಬುಟ್ಟಿ ಹೊತ್ತುಕೊಂಡು ಬರುವವಳು, ಒಂದು ಬೊಗಸೆ ಚಿಪ್ಪು ಮಹಾಲಕ್ಷ್ಮಿಗೆ ಕೊಡೋಣವೆಂದು ಕಿಟಕಿಯ ಹತ್ತಿರ ಬಂದಳು. ಒಳಗಿನಿಂದ ಗುರುದತ್ತನ ದನಿ ಕೇಳಿಸಿತು.

"ನೀನು ಕಾರ್ಯನಿರತಳೆಂದು ನನಗೆ ಗೊತ್ತು. ಆದರೂ ನಾನು ಸಾವಿರ ವರ್ಷ ಕಾಯುವೆ. ನಿನ್ನ ದನಿಯೊಂದೇ ನನಗೆ ಆಧಾರ. ಒಮ್ಮೆ, ಒಮ್ಮೆಯಾದರೂ ನನ್ನ ಹೆಸರು ಹೇಳು!"

ಗಣಪಿಯ ಬುಟ್ಟಿ ಅಲ್ಲೇ ಜಾರಿ ಬಿತ್ತು. ಹೊಳೆಯಲ್ಲಿ ಮೊಸಳೆ ಕಂಡಿದ್ದರೂ ಆಕೆ ಅಷ್ಟು ಬೇಗ ಓಡುತ್ತಿರಲಿಲ್ಲವೇನೋ. ಮೊದಲು ಓಡಿದ್ದು ಚೌಡಮ್ಮನ ಜಗಲಿಗೆ, ಅಲ್ಲಿಂದ ನಮ್ಮನೆಗೆ.

"ಅವ ಪುಸ್ತಕದ ಭಾಷೆಲಿ ಮಾತಾಡ್ತಾ ಇದ್ದ ಮಾರಾಯ್ರೆ! ಕಾಯುವೆ ಅಂದ! ಮನೆ ಹೆಂಡ್ತಿ ಹತ್ರ ಯಾರಾದ್ರೂ 'ಕಾಯುವೆ' ಅಂತ್ರಾ? ಇದು ಬೇರೆಯೇ ಭಾನಗಡಿ."

ಈ ತರ್ಕದಲ್ಲಿ ನಮಗೂ ಹುಳುಕು ಕಾಣಲಿಲ್ಲ. ಕೇರಿಯಲ್ಲಿ ಯಾರೂ ಹೆಂಡತಿಗೆ "ಬಾ ಇಲ್ಲಿ" ಎಂಬುದಕ್ಕಿಂತ ಉದ್ದದ ವಾಕ್ಯ ಹೇಳಿದ ದಾಖಲೆ ಇರಲಿಲ್ಲ. ಮರುದಿನದಿಂದ ಗುರುದತ್ತನ ಕಿಟಕಿಯ ಹೊರಗೆ ಹೆಂಗಸರಿಗೆಲ್ಲ ತುಳಸಿ ಕೊಯ್ಯುವ ಕೆಲಸ ಬಂತು. ಗಿಡದಲ್ಲಿ ಒಂದು ಕುಡಿಯೂ ಉಳಿಯಲಿಲ್ಲ. ಮಹಾಲಕ್ಷ್ಮಿಗೆ ಸುದ್ದಿ ಮುಟ್ಟಿಸುವ ಪುಣ್ಯಕ್ಕೆ ಪೈಪೋಟಿ ಬಿದ್ದು, ಕಡೆಗೆ ಎಲ್ಲರೂ ಸೇರಿಯೇ ಮುಟ್ಟಿಸಿದರು. ಆಕೆ ನಂಬಲಿಲ್ಲ. ನೇರವಾಗಿ ಹೋಗಿ ಗಂಡನನ್ನೇ ಕೇಳಿದಳು. ತಪ್ಪಾದದ್ದು ಅಲ್ಲಿ.

"ಫೋನಲ್ಲಿ ಯಾರ ಹತ್ರ ಮಾತಾಡ್ತೀರಿ ನೀವು?"

ಗುರುದತ್ತ ಆಗ ತಾನೆ ಕಪ್ತಾನನ ಲೋಕದಿಂದ ಇಳಿಯುತ್ತಿದ್ದ. ಮುಖದಲ್ಲಿ ಇನ್ನೂ ಕಾಂತಿ ಇತ್ತು. "ಅವಳಾ? ಅವಳು ನನ್ನ ಸ್ಫೂರ್ತಿ" ಎಂದ.

"ಯಾರು ಅವಳು?"

"ಹೆಸರು ಗೊತ್ತಿಲ್ಲ. ದನಿ ಮಾತ್ರ. ಅವಳಿಲ್ದೆ ನಂಗೆ ಒಂದು ಸಾಲು ಬರೀಲಿಕ್ಕೆ ಆಗುದಿಲ್ಲ. ಎಷ್ಟು ತಾಳ್ಮೆ ಗೊತ್ತದೆಯಾ? ಎಷ್ಟು ಸಲ ಫೋನ್ ಮಾಡಿದ್ರೂ ಒಂದು ಚೂರು ಸಿಟ್ಟಿಲ್ಲ. 'ದಯವಿಟ್ಟು' ಅಂತಾಳೆ!"

ಮಹಾಲಕ್ಷ್ಮೀ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಅದನ್ನು ಕಂಡಾಗ ಗುರುದತ್ತನಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. ಗಡಬಡಿಸಿ, "ಅಯ್ಯೋ ಮಾರಾಯ್ತಿ, ಅವಳು ಮನುಷ್ಯಳೇ ಅಲ್ಲ!" ಎಂದ.

"ಅದು ನಂಗೂ ಗೊತ್ತಾತು. ಮನುಷ್ಯಳಾಗಿದ್ರೆ ಇನ್ನೊಬ್ರ ಮನೆ ಹಾಳು ಮಾಡ್ತಿರ್ಲಿಲ್ಲ."

ಅವಳು ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ಹೊನ್ನಾವರದ ತವರಿಗೆ ಹೊರಟೇಬಿಟ್ಟಳು. ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: "ಅವಳು ಯಾರು ಅಂತ ನನ್ನ ಎದುರು ತೋರಿಸಿ. ಕಡಿಗೆ ನಾ ಈ ಮನೆಗೆ ಬರುದೋ ಬಿಡುದೋ ನೋಡ್ವ." ಗುರುದತ್ತ ಬಸ್‌ಸ್ಟಾಪಿನವರೆಗೂ ಹಿಂದೆ ಹಿಂದೆ ಹೋಗಿ, ಕಪ್ತಾನ, ನೌಕೆ, ಸಾವಿರ ವರ್ಷ ಎಂದು ವಿವರಿಸಿದ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಕೇಳಿಸಿಕೊಂಡು, ಪಾಪ, ತಲೆಗೂ ಏರಿದೆ ಎಂದು ತೀರ್ಮಾನಿಸಿದರು.

ಮಹಾಲಕ್ಷ್ಮಿಯ ಅಣ್ಣ ಶ್ರೀಧರ ಬಸ್ ಕಂಡಕ್ಟರು. ಹೊನ್ನಾವರ ಕುಮಟಾ ನಡುವೆ ಓಡಾಡಿ ಓಡಾಡಿ, ಯಾವ ಪ್ರಯಾಣಿಕ ಟಿಕೆಟ್ ಇಲ್ಲದೆ ಕುಳಿತಿದ್ದಾನೆಂದು ಮುಖ ನೋಡಿ ಹೇಳಬಲ್ಲೆ ಎಂಬ ಹೆಮ್ಮೆ ಅವನಿಗೆ. ರಜೆ ಹಾಕಿ ಕಾಗಾಲಕ್ಕೆ ಬಂದವನು ಭಾವನ ಮುಖವನ್ನು ಬಹಳ ಹೊತ್ತು ನೋಡಿದ. "ಟಿಕೆಟ್ ಇಲ್ಲ" ಎಂದು ನಮ್ಮ ಕಡೆ ತಿರುಗಿ ಹೇಳಿದ.

"ಭಾವ, ಅದು ಯಂತ್ರದ ದನಿ ಮಾರಾಯ. ಕುಮಟಾದ ಎಕ್ಸ್‌ಚೇಂಜಿನಲ್ಲಿ ಕೇಳು ಬೇಕಾದ್ರೆ" ಎಂದು ಗುರುದತ್ತ ಅಂಗಲಾಚಿದ.

ಹಾಗೆ ಹೊರಟಿತು ತನಿಖಾ ತಂಡ. ಶ್ರೀಧರ, ಪ್ರತ್ಯಕ್ಷ ಸಾಕ್ಷಿ ಗಣಪಿ, ಮತ್ತು ಕರೆಯದಿದ್ದರೂ ಚೌಡಮ್ಮ. ಫೋನಿನ ಒಳಗೆ ಅಂಥ ಒಬ್ಬ ಹೆಂಗಸು ಇದ್ದರೆ, ತಿಮ್ಮನ ಫೋನನ್ನು ಸ್ವಲ್ಪ ಬೇಗ ಬೇಗ ಕಳಿಸು ಎಂದು ಹೇಳಿಬರುವುದು ಚೌಡಮ್ಮನ ಉದ್ದೇಶ. ಅದಕ್ಕೆಂದು ಒಂದು ಬಾಳೆಲೆ ಕೊಟ್ಟೆ ಅವಲಕ್ಕಿಯನ್ನೂ ಕಟ್ಟಿಕೊಂಡಿದ್ದಳು.

ಎಕ್ಸ್‌ಚೇಂಜಿನ ಒಳಕೋಣೆಯ ಬಾಗಿಲಲ್ಲಿ "ಪಾದರಕ್ಷೆಗಳನ್ನು ಹೊರಗೆ ಬಿಡಿ" ಎಂಬ ಫಲಕ ಇತ್ತು. ಯಂತ್ರಗಳಿಗೆ ಧೂಳು ಆಗಿಬರುವುದಿಲ್ಲ, ಅದಕ್ಕೆ ಹಾಗೆ. ಶ್ರೀಧರ ಓದಿ ಹೇಳಿದ ಕೂಡಲೇ ಚೌಡಮ್ಮ ಸೆರಗು ಹೊದ್ದು ಹೊಸ್ತಿಲಿಗೆ ಕೈಮುಗಿದು, ಅವಲಕ್ಕಿಯ ಕೊಟ್ಟೆಯನ್ನು ಅಲ್ಲೇ ಇಟ್ಟಳು. ಗಾಜಿನ ಹಿಂದೆ ಸಾಲು ಸಾಲು ಕಪಾಟುಗಳು, ಅವುಗಳ ಮೈಮೇಲೆ ಮಿಣಿಮಿಣಿ ದೀಪಗಳು, ತಣ್ಣನೆಯ ಗಾಳಿ. ಕನ್ನಡಕದ ಸಾಹೇಬರೊಬ್ಬರು ಹೊರಗೆ ಬಂದು ಏನು ಬೇಕೆಂದು ಕೇಳಿದರು.

"ಇಲ್ಲಿ ಫೋನಲ್ಲಿ ಮಾತಾಡುವ ಹೆಂಗ್ಸು ಯಾರು?" ಶ್ರೀಧರ ಕೇಳಿದ.

"ಹೆಂಗಸು ಯಾರೂ ಇಲ್ಲ. ಯಂತ್ರ ಅದು. ಕ್ಯಾಸೆಟ್ಟಿನ ಹಾಗೆ. ಕಾರ್ಯನಿರತವಾಗಿದೆ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ ಅಂತ ಹೇಳ್ತದೆ, ಅಷ್ಟೇ."

ಶ್ರೀಧರ ನಕ್ಕ. "ಸಾಹೇಬ್ರೆ, ನಾನೂ ಸರ್ಕಾರಿ ನೌಕ್ರಿಯವನೇ. ನಮ್ಮಲ್ಲಿ ಮನುಷ್ಯರೇ 'ದಯವಿಟ್ಟು' ಅನ್ನುದಿಲ್ಲ. ನಿಮ್ಮ ಯಂತ್ರ ಅಂತದೆಯಾ?"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟರಲ್ಲಿ ಗಣಪಿ ಶ್ರೀಧರನ ಅಂಗಿ ಜಗ್ಗಿ ಬಾಗಿಲ ಬುಡ ತೋರಿಸಿದಳು. ಅಲ್ಲಿ ಹೆಂಗಸಿನ ಒಂದು ಜೊತೆ ಚಪ್ಪಲಿ ಇತ್ತು. ಹಸಿರು ಪಟ್ಟಿಯ, ಚಿಕ್ಕ ಪಾದದ ಚಪ್ಪಲಿ. ಹೆಂಗಸು ಯಾರೂ ಇಲ್ಲದ ಕಡೆ ಹೆಂಗಸಿನ ಚಪ್ಪಲಿ! ತನಿಖಾ ತಂಡ ಪರಸ್ಪರ ಮುಖ ನೋಡಿಕೊಂಡಿತು. ಸಾಹೇಬರು ತಂಪು ಹೊರಗೆ ಹೋಗುತ್ತದೆಂದು ಬಾಗಿಲು ಹಾಕಿಕೊಂಡದ್ದು ಇನ್ನಷ್ಟು ಸಂಶಯಕ್ಕೆ ಕಾರಣವಾಯಿತು. ಆ ಚಪ್ಪಲಿ ಕಸಗುಡಿಸುವ ಬಂಗಾರಿಯದು, ಅವಳು ಆ ಹೊತ್ತಿನಲ್ಲಿ ಒಳಗೆ ನೆಲ ಒರೆಸುತ್ತಿದ್ದಳು. ಒಂದು ನಿಮಿಷ ನಿಂತಿದ್ದರೆ ಅವಳೇ ಬಂದು ಮೆಟ್ಟಿಕೊಂಡು ಹೋಗುತ್ತಿದ್ದಳು. ಆದರೆ ಸಾಕ್ಷ್ಯ ಸಿಕ್ಕಿದ ಮೇಲೆ ಸತ್ಯಕ್ಕೆ ಯಾರು ಕಾಯುತ್ತಾರೆ?

ಊರಿಗೆ ಮರಳಿದ ಮೇಲೆ ಚೌಡಮ್ಮನ ಸಲಹೆಯಂತೆ ದೇವರನ್ನೂ ಕೇಳಿದ್ದಾಯಿತು. ನಮ್ಮಲ್ಲಿ ಯಾವ ಸಂಶಯ ಬಂದರೂ ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳುವ ರೂಢಿ. ಮೂರ್ತಿಯ ಮೈಗೆ ಹೂವಿನ ಎಸಳು ಅಂಟಿಸಿ ಪ್ರಶ್ನೆ ಇಡುತ್ತಾರೆ. ಬಲಗಡೆಯ ಎಸಳು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಶ್ರೀಧರ ಪ್ರಶ್ನೆ ಇಟ್ಟ: "ಫೋನಿನೊಳಗೆ ಮಾತಾಡುದು ಹೆಂಗ್ಸು ಹೌದಾ ಅಲ್ಲಾ?"

ಬಲಗಡೆಯ ಎಸಳು ತಡಮಾಡದೆ ಟಪ್ಪೆಂದು ಬಿತ್ತು. ದೇವರದ್ದೇನೂ ತಪ್ಪಿಲ್ಲ. ಕೇಳಿದ್ದು ಹೆಂಗಸು ಹೌದೋ ಅಲ್ಲವೋ ಎಂದು, ದನಿಯಂತೂ ಹೆಂಗಸಿನದೇ, ಆತ ಸರಿಯಾಗಿಯೇ ಹೇಳಿದ. ಮೂಲೆಯಲ್ಲಿ ಕೈಮುಗಿದು ನಿಂತಿದ್ದ ಗುರುದತ್ತನ ಮುಖ ಮಾತ್ರ ನೋಡಲಾಗುತ್ತಿರಲಿಲ್ಲ. ಆ ಹೊತ್ತು ನನಗೂ ಅವನ ಬಗ್ಗೆ ಮರುಕ ಬಂತು. ಮಹಾಲಕ್ಷ್ಮೀ ಹೋದಮೇಲೆ ಅವನು ಅನ್ನಕ್ಕೆ ನೀರು ಹೆಚ್ಚು ಹಾಕಿ ಗಂಜಿ, ಕಡಿಮೆ ಹಾಕಿ ಅಕ್ಕಿ, ಎರಡನ್ನೇ ಉಣ್ಣುತ್ತಿದ್ದ. ಕಪ್ತಾನ ಆಕಾಶದಲ್ಲೇ ಸಿಕ್ಕಿಬಿದ್ದಿದ್ದ. ಕಥೆಯ ಕಾಗದಗಳ ಮೇಲೆ ಸಾರಿನ ಪಾತ್ರೆ ಇಟ್ಟ ಕಲೆ ಇತ್ತು.

"ನಾಳೆ ಆದಿತ್ಯವಾರ" ಶ್ರೀಧರ ತೀರ್ಪು ಕೊಟ್ಟ. "ಮಧ್ಯಾಹ್ನ ಉಂಡ್ಕಂಡು ಎಲ್ಲ ನಿನ್ನ ಜಗಲಿಗೆ ಬರ್ತೇವೆ. ಆ ಯಂತ್ರದ ದನಿ ನಮ್ಮ ಕಿವಿಗೆ ಕೇಳ್ಸು. ಕೇಳ್ತೋ, ತಂಗಿಯ ನಾನೇ ಕರ್ಕೊಂಡು ಬತ್ತೆ. ಕೇಳ್ಲಿಲ್ವೋ, ಅವಳ ಉಳಿದ ಸೀರೆನೂ ತಕ್ಕಂಡು ಹೋಗ್ತೆ. ಅಲ್ಲಿಗೆ ಆತು."

ಗುರುದತ್ತನ ಮುಖ ಅರಳಿತು. ಅಷ್ಟೇ ತಾನೆ! ಇದು ತನಗೆ ಮೊದಲೇ ಹೊಳೆಯಬಾರದಿತ್ತೇ? ಗ್ಯಾಸ್ ಏಜೆನ್ಸಿಗೆ ಫೋನು ಹಚ್ಚಿದರೆ ಮುಗಿಯಿತು.

ಆದಿತ್ಯವಾರ ಜಗಲಿ ತುಂಬಿ ಜನ ಅಂಗಳಕ್ಕೂ ಹರಿದರು. ಶ್ರೀಧರ ಜೇಬಿನಿಂದ ಸೀಟಿ ತೆಗೆದು ಒಮ್ಮೆ ಊದಿದ ಮೇಲೆ ಸಭೆ ಶುರುವಾಯಿತು. ಗುರುದತ್ತ ಉಡಿದಾರದ ಕೀಲಿಯಿಂದ ಬೀಗ ತೆಗೆದು, ಗುಂಡಿ ಒತ್ತಿ, ರಿಸೀವರನ್ನು ಎಲ್ಲರಿಗೂ ಕೇಳುವಂತೆ ನಡುವೆ ಹಿಡಿದ. ನಾವು ಕಿವಿ ಚಾಚಿದೆವು.

"ಹಲೋ, ಗ್ಯಾಸ್ ಏಜೆನ್ಸಿ" ಎಂದಿತು ಗಂಡಸಿನ ದನಿ. "ಸಿಲಿಂಡರ್ ಬೇಕಾ?"

ಗುರುದತ್ತ ರಿಸೀವರಿಗೆ ಬಾಯಿ ಹಚ್ಚಿದ. "ನೀವು... ನೀವು ಯಾಕೆ ಎತ್ತಿದ್ರಿ?"

"ಫೋನ್ ಮಾಡಿದ್ದು ನೀವಲ್ವಾ? ಇವತ್ತು ಲೋಡ್ ಬಂದದೆ, ಅದಕ್ಕೆ ರಜೆ ಇಲ್ಲ. ಬೇಕಾ ಬೇಡವಾ ಹೇಳಿ."

ಗ್ಯಾಸ್ ಏಜೆನ್ಸಿಯವರು ಮೊದಲ ಸಲಕ್ಕೇ ಫೋನು ಎತ್ತಿದ್ದಾರೆ ಎಂಬ ವಿಷಯ ಸಭೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಗುರುದತ್ತನ ಸಂಸಾರದ ಪ್ರಶ್ನೆ ಹಿಂದೆ ಬಿತ್ತು. "ಇಡ್ಬೇಡ, ಇಡ್ಬೇಡ!" ಎನ್ನುತ್ತ ಗಣಪಿ ಹಾರಿ ರಿಸೀವರ್ ಕಸಿದುಕೊಂಡಳು. "ನಮ್ದೂ ಒಂದು ಬರ್ಕೊಳ್ಳಿ! ಗಣಪಿ ಅಂತ ಹಾಕಿ, ಕಾಗಾಲ!" ಅವಳ ಹಿಂದೆ ಸಾಲು ನಿಂತಿತು. ನಾನೂ ನಿಂತೆ, ಸುಳ್ಳು ಯಾಕೆ ಹೇಳಲಿ. ಗ್ಯಾಸ್ ಒಲೆ ಇದ್ದವರು ಬುಕ್ ಮಾಡಿದರು. ಇಲ್ಲದವರು, ಮುಂದೆ ಒಲೆ ತಂದಾಗ ಬೇಕಾಗುತ್ತದಲ್ಲ ಎಂದು ಬುಕ್ ಮಾಡಿದರು. ಚೌಡಮ್ಮ ತಿಮ್ಮನಿಗೆ ಗೋವೆಗೆ ಒಂದು ಕಳಿಸಿಕೊಡಲು ಹೇಳಿದಳು. ಏಜೆನ್ಸಿಯ ಪುಣ್ಯಾತ್ಮ ಒಬ್ಬೊಬ್ಬರ ಗ್ಯಾಸ್ ಪುಸ್ತಕದ ನಂಬರು ಕೇಳುತ್ತ, ನಂಬರು ಇಲ್ಲದವರಿಗೆ ನಂಬರು ಯಾಕೆ ಇಲ್ಲ ಎಂದು ವಿವರಿಸುತ್ತ, ಬಹಳ ಹೊತ್ತು ತಾಳ್ಮೆಯಿಂದಲೇ ಮಾತಾಡಿದ.

ಅದು ಮುಗಿದಮೇಲೆ ಗುರುದತ್ತ ಬೆವರು ಒರೆಸಿಕೊಂಡು ರೈಲ್ವೆ ಸ್ಟೇಷನ್ನಿಗೆ ಹಚ್ಚಿದ. ಅಲ್ಲಿ ಎರಡು ಸಲ ಗಂಟೆ ಬಡಿಯುವಷ್ಟರಲ್ಲೇ ಎತ್ತಿ, ಗಾಡಿ ಸರಿಯಾದ ವೇಳೆಗೆ ಬರುತ್ತಿದೆ ಎಂದರು. ಊರೆಲ್ಲ ಬೆರಗಾಯಿತು. ಅಂಗಡಿಯ ಮಾಲಕರಿಗೆ ಹಚ್ಚಿದ. ಹೊತ್ತು ಹುಟ್ಟಿದರೆ ಮುಳುಗುವತನಕ ಫೋನಿನಲ್ಲೇ ಇರುವ ಆ ಮನುಷ್ಯ ಗಂಟೆ ಒಂದು ಸಲ ಬಡಿದ ಕೂಡಲೇ ಎತ್ತಿ, ರಜೆಯ ದಿನವೂ ಪೀಡಿಸುತ್ತೀಯಲ್ಲ ಎಂದು ಬೈದ. ಇಡೀ ಕುಮಟಾ ತಾಲೂಕು ಆ ದಿನ ಫೋನಿನ ಪಕ್ಕ ಬಿಡುವಾಗಿ ಕುಳಿತು ಗುರುದತ್ತನಿಗೇ ಕಾಯುತ್ತಿದ್ದಂತೆ ಕಂಡಿತು. ಗೊತ್ತಿರುವ ನಂಬರುಗಳೆಲ್ಲ ಮುಗಿದಾಗ ಅವನು ಲಗ್ನಪತ್ರಿಕೆಗಳಲ್ಲಿದ್ದ ನಂಬರುಗಳನ್ನು ಹುಡುಕಿ ಹಚ್ಚಿದ. ಅವರೂ ಎತ್ತಿದರು, ಕುಶಲ ಕೇಳಿದರು, ಊಟಕ್ಕೆ ಕರೆದರು.

ಶ್ರೀಧರ ಎದ್ದು ನಿಂತ. ಅವನಿಗೂ ಖುಷಿ ಇದ್ದಂತೆ ಕಾಣಲಿಲ್ಲ. "ಭಾವ, ಸಾಕು. ಕಪಾಟಿನ ಕೀಲಿ ಕೊಡು. ಸೀರೆ ತಕ್ಕಂಡು ಹೋಗ್ತೆ."

ಗುರುದತ್ತ ರಿಸೀವರನ್ನು ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟ. ಅವನ ಕಣ್ಣು ತುಂಬಿದ್ದನ್ನು ನೋಡಿ ನಾವೆಲ್ಲ ನೆಲ ನೋಡಿದೆವು. ಅವನು ಅಪರಾಧಿ ಎಂದು ನಂಬಿದವರಿಗೂ ಆ ಕ್ಷಣ ಅವನ ಮನೆ ಒಡೆಯುವುದು ಬೇಡವಾಗಿತ್ತು. ಮಹಾಲಕ್ಷ್ಮೀ ಇಲ್ಲದ ಆ ಜಗಲಿಯಲ್ಲಿ ನೀರು ಬೆಲ್ಲ ಕೊಡುವವರು ಕೂಡ ಇರಲಿಲ್ಲ.

ಆಗ ಅಂಗಳದ ಜನ ಇಬ್ಭಾಗವಾಗಿ ದಾರಿ ಬಿಟ್ಟಿತು. ಮಹಾಲಕ್ಷ್ಮೀ ಬಂದಿದ್ದಳು! ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಮುಖ ಕೆಂಪಗಾಗಿದೆ, ಏದುಸಿರು ಬಿಡುತ್ತಿದ್ದಾಳೆ. ನೇರವಾಗಿ ಜಗಲಿ ಹತ್ತಿ ಸುತ್ತ ನೋಡಿದಳು.

"ಎಲ್ಲಿ ಅವಳು?"

"ಯಾರು ತಂಗಿ?" ಶ್ರೀಧರ ಕೇಳಿದ.

"ಅವಳೇ! ಈಗ ನನ್ನ ಮನೆ ಫೋನನ್ನೇ ಎತ್ತಲಿಕ್ಕೆ ಶುರು ಮಾಡಿದ್ದಾಳೆ! ಇವ್ರ ಹೊಟ್ಟೆನೋವಿನ ಗುಳಿಗೆ ಎಲ್ಲಿಟ್ಟಿದ್ದೇನೆ ಅಂತ ಹೇಳಿ ಬಂದಿರ್ಲಿಲ್ಲ. ಹುಡುಕ್ತಾ ಇರಬಹುದು ಅಂತ ಹೊನ್ನಾವರ ಬಸ್‌ಸ್ಟ್ಯಾಂಡ್ ಬೂತಿಂದ ಫೋನ್ ಮಾಡಿದ್ರೆ ಅವಳು ಮಾತಾಡ್ತಾಳೆ! ಕಾರ್ಯನಿರತವಾಗಿದೆಯಂತೆ! ಎಂತ ಕಾರ್ಯ ನಿನ್ನದು ಅಂತ ಕೇಳಿದೆ. ಎಷ್ಟು ಬೈದೆ! ಮತ್ತೆ ಮತ್ತೆ ಮಾಡಿದೆ. ನಾಚ್ಕೆ ಇಲ್ದವಳು, ಆಮೇಲೆ ಪ್ರಯತ್ನಿಸಿ ಅಂತಾಳೆ! ಸಿಕ್ಕಿದ ಬಸ್ ಹತ್ತಿ ಬಂದೆ. ಎಲ್ಲಿ ಅಡಗಿಸಿ ಇಟ್ಟಿದ್ದೀರಿ?"

ಮೊದಲು ಬಾಯಿ ಬಿಟ್ಟವಳು ಗಣಪಿ.

"ಅಲ್ಲ ಮಾರಾಯ್ತಿ, ಹೊತ್ತಿಡೀ ನಾವೆಲ್ಲ ಈ ಫೋನಿನ ಸುತ್ತಲೇ ಕೂತಿದ್ದೇವೆ. ಇದ್ರಲ್ಲಿ ಮಾತಾಡಿದ ಹೆಂಗ್ಸು ಅಂದ್ರೆ ನಾನು ಮತ್ತೆ ಈ ಚೌಡಮ್ಮ. ಸಿಲಿಂಡರ್ ಬಿಟ್ರೆ ಬೇರೆ ಎಂತದೂ ಮಾತಾಡ್ಲಿಲ್ಲ, ದೇವರಾಣೆ."

"ಮತ್ತೆ ಆ ದನಿ ಯಾರದು?"

ಶ್ರೀಧರನ ಹುಬ್ಬು ಗಂಟಿಕ್ಕಿತು, ನಿಧಾನವಾಗಿ ಬಿಚ್ಚಿಕೊಂಡಿತು. ಅವನಿಗೆ ತಿಳಿಯುವ ಭಾಷೆಯಲ್ಲಿ ಅವನಿಗೆ ಹೊಳೆಯಿತು. "ತಡಿ, ತಡಿ. ಇಲ್ಲಿ ಫೋನ್ ಭರ್ತಿ ಇತ್ತು. ಒಬ್ಬರಾದ ಮೇಲೆ ಒಬ್ಬರು ಕೂತಿದ್ರು. ಭರ್ತಿ ಇದ್ದಾಗ ಹೊರಗಿನವರಿಗೆ ಜಾಗ ಇಲ್ಲ, ಹಿಂದಿನ ಬಸ್ಸಿಗೆ ಬನ್ನಿ ಅಂತ ಹೇಳುವ ದನಿ ಅದು! ನಾವು ಇಲ್ಲಿ ಕೇಳಬೇಕು ಅಂತ ಒದ್ದಾಡಿದಷ್ಟೂ ಅಲ್ಲಿ ನಿನಗೆ ಕೇಳಿದೆ!" ಅವನು ಭಾವನ ಕಡೆ ತಿರುಗಿದ. ಮುಖ ಸಣ್ಣಗಾಗಿತ್ತು. "ಟಿಕೆಟ್ ಅದೆ ಮಾರಾಯ ನಿನ್ನತ್ರ. ನಂದೇ ತಪ್ಪು."

ಇಡೀ ಕೇರಿ ಒಮ್ಮೆಲೆ ಮಾತಾಡತೊಡಗಿತು. ತಮಗೆ ಮೊದಲೇ ಗೊತ್ತಿತ್ತು ಎನ್ನುವವರೇ ಹೆಚ್ಚು. ಆ ಚಪ್ಪಲಿ ಚಿಕ್ಕದಿತ್ತು, ಮಕ್ಕಳದಿರಬೇಕು ಎಂದು ಗಣಪಿ ಈಗ ಹೇಳಿದಳು. ಹಾಗಾದರೆ ಅವಲಕ್ಕಿ ಯಾರಿಗೆ ಕೊಟ್ಟು ಬಂದೆ ಎಂದು ಚೌಡಮ್ಮ ಚಿಂತೆಗೆ ಬಿದ್ದಳು. ಈ ಗದ್ದಲದ ನಡುವೆ ಮಹಾಲಕ್ಷ್ಮೀ ಗಂಡನ ಎದುರಿಗೆ ಬಂದು ನಿಂತಳು. ಅವಳ ಸಿಟ್ಟು ಇಳಿದಿತ್ತು, ಆದರೆ ಮುಖ ತಿಳಿಯಾಗಿರಲಿಲ್ಲ.

"ಯಂತ್ರ ಅಂತ ಆತು" ಎಂದಳು ಗಂಡನಿಗೆ. "ಆದ್ರೆ ಆ ಮಾತು? ಕಾಯ್ತೇನೆ ಅಂತ, ನಿನ್ನ ದನಿಯೇ ಆಧಾರ ಅಂತ. ಗಣಪಿ ಒಂದೊಂದೂ ಹೇಳಿದ್ದಾಳೆ ನಂಗೆ. ಕೇರಿಯ ಎಲ್ಲರ ಹೆಸರು ಕೂಗಿ ಕೂಗಿ ನನ್ನ ಗಂಟಲು ಹೋಯ್ತು. ಆ ದನಿಗೆ ನೀವು ಒಂದು ದಿನ ಎಂತ ಅಂದ್ರಿ? ಜೀವ ಇಲ್ಲದ ಡಬ್ಬಿಗೆ ಹೇಳಿದ್ರಲ್ಲ, ನಂಗೆ ಹೇಳಿದ್ರೆ ಎಂತ ಆಗ್ತಿತ್ತು?"

ಇದಕ್ಕೆ "ಗ್ಯಾರಂಟಿ ಅದೆ" ಎಂದರೆ ಸಾಲದು ಎಂದು ಸೇಲ್ಸ್‌ಮನ್ನನಿಗೂ ತಿಳಿಯಿತು. ಗುರುದತ್ತ ಮಡಿಲಲ್ಲಿದ್ದ ರಿಸೀವರನ್ನು ಅದರ ಜಾಗದಲ್ಲಿಟ್ಟು ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. "ಮಹಾಲಕ್ಷ್ಮೀ, ನಿನ್ನ ದನಿಯೊಂದೇ..." ಎಂದು ಶುರುಮಾಡಿದ.

"ಅದು ಬೇಡ. ಅದು ಅವಳದು. ನಮ್ಮ ಮಾತಲ್ಲಿ ಹೇಳಿ."

ಗುರುದತ್ತ ನಮ್ಮ ಕಡೆ ನೋಡಿದ, ಸ್ವಲ್ಪ ಆಚೆ ಹೋಗುತ್ತೀರಾ ಎಂಬಂತೆ. ಒಬ್ಬರೂ ಅಲುಗಲಿಲ್ಲ. ಇಷ್ಟು ದಿನ ಕಿಟಕಿಯ ಹೊರಗೆ ನಿಂತು ಕೇಳಿದವರು, ಒಳಗೇ ಜಾಗ ಸಿಕ್ಕಿರುವಾಗ ಎದ್ದು ಹೋಗುತ್ತಾರೆಯೇ? ಅವನು ಬೆವರಿದ. ಪಂಚೆಯ ತುದಿ ಹಿಂಡಿದ. "ನೀ ಹೋದಮೇಲೆ... ಗಂಜಿ ಸರಿ ಆಗುದಿಲ್ಲ" ಎಂದ.

"ಅದಲ್ಲ!" ಎಂದು ಇಡೀ ಜಗಲಿ ನರಳಿತು.

ಅಷ್ಟರಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮಹಾಲಕ್ಷ್ಮಿಯ ಕೈ ಅಭ್ಯಾಸಬಲದಿಂದ ಆ ಕಡೆ ಹೋಯಿತು. ಚೌಡಮ್ಮ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಡ್ಕೊಳ್ಲಿ ಬಿಡು. ತಿಮ್ಮ ಆದ್ರೆ ಮತ್ತೆ ಮಾಡ್ತ" ಎಂದಳು ಮುದುಕಿ. "ನೀ ಹೇಳು ಮಗ."

ಗುರುದತ್ತ ತಲೆ ಎತ್ತಿ ಹೆಂಡತಿಯ ಮುಖ ನೋಡಿದ. "ನೀ ಮನೇಲಿ ಇದ್ರೇ ನಂಗೆ ಧೈರ್ಯ" ಎಂದ. ದನಿ ಸಣ್ಣಗಿತ್ತು, ಆದರೆ ಅಂಗಳದ ಕೊನೆಯವರೆಗೂ ಕೇಳಿಸಿತು. ಮಹಾಲಕ್ಷ್ಮೀ ಸೆರಗಿನಿಂದ ಮುಖ ಒರೆಸಿಕೊಂಡು, "ಇಷ್ಟು ಜನಕ್ಕೆ ಚಾ ಪುಡಿ ಅದೆಯಾ ಇಲ್ವಾ ನೋಡ್ತೇನೆ" ಎಂದು ಒಳಗೆ ಹೋದಳು. ಗುರುದತ್ತ ಹಿಂದೆಯೇ ಹೋದ. ಫೋನು ಬಡಿದುಕೊಳ್ಳುತ್ತಲೇ ಇತ್ತು. ನಮ್ಮಲ್ಲಿ ಯಾರೂ ಎತ್ತಲಿಲ್ಲ.